ಸಂಖ್ಯೆ ಬೇರೆ, ಮೆಚ್ಚಿಗೆ ಬೇರೆ: ರಜೆಯ ವಾರ ಬದಲಿಸಿಕೊಡುವ ಕಂಪನಿಗಳ ವಿಚಾರ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳು ಮಾತನಾಡುವ ಸರದಿ ನನ್ನದೆಂದು ಕಾರ್ಯದರ್ಶಿಗಳು ಹೇಳಿದಾಗ, “ವಿಷಯ ಯಾವುದಾದರೂ ಆಗಲಿ, ಕೇಳಿದವರಿಗೆ ಮನೆಗೆ ಹೋದ ಮೇಲೆ ಉಪಯೋಗಕ್ಕೆ ಬರಬೇಕು” ಎಂದು ಒಂದು ಷರತ್ತು ಹಾಕಿದರು. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಮಿಲ್ಲಿನಲ್ಲಿ ಹಾಜರಿಯ ಲೆಕ್ಕ ಬರೆಯುವವನು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವನು. ಆದ್ದರಿಂದ ಸಾಹಿತ್ಯದ ಮಾತಿಗೆ ಕೈ ಹಾಕದೆ, ನನಗೆ ಅಭ್ಯಾಸವಿರುವ ಲೆಕ್ಕದ ಮಾತನ್ನೇ ತಮ್ಮ ಮುಂದೆ ಇಡುತ್ತೇನೆ.

ಕೆಲವು ತಿಂಗಳುಗಳಿಂದ ನಮ್ಮ ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ನಡುವೆ ಬಣ್ಣಬಣ್ಣದ ಕರಪತ್ರಗಳು ಕಾಣಿಸಿಕೊಳ್ಳುತ್ತಿವೆ. ಸಮುದ್ರದ ದಂಡೆ, ಹಿಮದ ಬೆಟ್ಟ, ನಗುವ ಗಂಡಹೆಂಡಿರು. ತಮ್ಮಲ್ಲಿ ಕೆಲವರಿಗೆ ಫೋನೂ ಬಂದಿರಬಹುದು: “ನಿಮ್ಮ ಹೆಸರಿಗೆ ಬಹುಮಾನ ಎದ್ದಿದೆ, ಯಜಮಾನಿಯವರನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮದು, ಒಂದು ಗಂಟೆ ನಮ್ಮ ಮಾತು ಕೇಳಿದರೆ ಸಾಕು.” ಅವರು ಮಾರುವುದು ಟೈಮ್‌ಷೇರ್ ಎಂಬ ಸರಕನ್ನು. ಆ ಸರಕಿನ ಜೊತೆಗೆ ತಪ್ಪದೆ ಬರುವ ಮಾತು ಒಂದುಂಟು: “ನಮ್ಮ ಜೊತೆಗಿರುವುದು ಜಗತ್ತಿನಲ್ಲೇ ಅತಿ ದೊಡ್ಡ ವಿನಿಮಯ ಕಂಪನಿ. ಲಕ್ಷಾಂತರ ಜನ ಮೆಚ್ಚಿದ್ದು.” ಈ ಒಂದು ವಾಕ್ಯವನ್ನು ಬಿಡಿಸಿ ನೋಡುವುದೇ ಇಂದಿನ ನನ್ನ ಕೆಲಸ.

ಮೊದಲು ಟೈಮ್‌ಷೇರ್ ಎಂದರೇನು ಎಂಬುದನ್ನು ತಿಳಿಯೋಣ. ಹೆಸರು ಪರದೇಶದ್ದು, ಸಂಗತಿ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರಿಗೆ ಪಾಳಿ ಇರುತ್ತದೆ. ಕೆರೆ ಒಂದೇ, ಹೊಲಗಳು ಹಲವು. ಒಬ್ಬನಿಗೆ ಸೋಮವಾರದ ನೀರು, ಇನ್ನೊಬ್ಬನಿಗೆ ಮಂಗಳವಾರದ್ದು. ಉಡುಪಿಯಲ್ಲಿ ಶ್ರೀಕೃಷ್ಣನ ಪೂಜೆಯನ್ನು ಎಂಟು ಮಠಗಳು ಎರಡೆರಡು ವರ್ಷದ ಪರ್ಯಾಯದಲ್ಲಿ ನಡೆಸುತ್ತವೆ. ಟೈಮ್‌ಷೇರೂ ಇಂಥದೇ ಒಂದು ಪಾಳಿ. ಪ್ರವಾಸದ ಊರಿನಲ್ಲಿ ಒಂದು ಮನೆ ಕಟ್ಟುತ್ತಾರೆ. ಅದನ್ನು ಒಬ್ಬನಿಗೆ ಮಾರುವ ಬದಲು ವರ್ಷದ 52 ವಾರಗಳನ್ನು ಬೇರೆ ಬೇರೆ ಜನರಿಗೆ ಮಾರುತ್ತಾರೆ. ದುರಸ್ತಿಗೆಂದು ಒಂದೆರಡು ವಾರ ಬಿಟ್ಟರೆ, ಒಂದೇ ಮನೆಗೆ ಐವತ್ತು ಮಂದಿ ಪಾಲುದಾರರು. ಪಾಲುದಾರ ಮೊದಲು ಒಂದು ದೊಡ್ಡ ಮೊತ್ತ ಕೊಡಬೇಕು. ಆಮೇಲೆ ಮನೆಯ ಸುಣ್ಣಬಣ್ಣ, ನೀರು, ದೀಪ, ಆಳುಕಾಳುಗಳ ಖರ್ಚಿಗೆಂದು ವರ್ಷವರ್ಷವೂ ನಿರ್ವಹಣೆಯ ಹಣ ಕಟ್ಟುತ್ತ ಹೋಗಬೇಕು.

ಈ ಪದ್ಧತಿ ಹುಟ್ಟಿದ್ದು ಯುರೋಪಿನಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 1963ರಲ್ಲಿ ಹಪಿಮಾಗ್ ಎಂಬ ಸಂಸ್ಥೆ ಆರಂಭವಾಯಿತು. ಅದರಲ್ಲಿ ಷೇರು ಕೊಂಡವರು ಸಂಸ್ಥೆಯ ರಜೆಯ ಮನೆಗಳಲ್ಲಿ ಇಳಿದುಕೊಳ್ಳುವ ಹಕ್ಕು ಪಡೆದರು. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿಯೂ ಅದೇ ದಶಕದಲ್ಲಿ ವಾರದ ಲೆಕ್ಕದ ಮಾರಾಟ ನಡೆಯಿತು. ಅಮೆರಿಕಕ್ಕೆ ಇದು ಬಲವಾಗಿ ಬಂದದ್ದು 1970ರ ದಶಕದಲ್ಲಿ. ಆಗ ತೈಲದ ಬೆಲೆ ಏರಿ, ವ್ಯಾಪಾರ ಕುಸಿದು, ಫ್ಲಾರಿಡಾದಲ್ಲಿ ಕಟ್ಟಿದ ಮನೆಗಳು ಇಡಿಯಾಗಿ ಕೊಳ್ಳುವವರಿಲ್ಲದೆ ಖಾಲಿ ಬಿದ್ದಿದ್ದವು. ಇಡೀ ಮನೆ ಕೊಳ್ಳಲಾರದವನು ಒಂದು ವಾರವನ್ನಾದರೂ ಕೊಂಡಾನು ಎಂದು ಕಟ್ಟಿದವರು ಯೋಚಿಸಿದರು.

ಆದರೆ ಇಲ್ಲೊಂದು ತೊಡಕು ಎದುರಾಯಿತು. ಪ್ರತಿ ವರ್ಷವೂ ಅದೇ ಊರು, ಅದೇ ಕೋಣೆ, ಅದೇ ವಾರ ಎಂದರೆ ಯಾರಿಗೆ ಬೇಸರ ಬರುವುದಿಲ್ಲ? ಮಗುವಿನ ಪರೀಕ್ಷೆ ಆ ವಾರಕ್ಕೇ ಬಿದ್ದರೆ ಕೊಟ್ಟ ಹಣ ನೀರುಪಾಲು. ಇದಕ್ಕೆ ಉಪಾಯವನ್ನು ಮಿಲ್ಲಿನ ಕೆಲಸಗಾರರಾದ ತಾವೆಲ್ಲ ಬಲ್ಲಿರಿ. ಪಾಳಿ ಬದಲಿಸಿಕೊಳ್ಳುವುದು! “ಈ ವಾರ ನನ್ನ ರಾತ್ರಿ ಪಾಳಿ ನೀನು ಮಾಡು, ಮುಂದಿನ ವಾರ ನಿನ್ನದನ್ನು ನಾನು ಮಾಡುತ್ತೇನೆ” ಎನ್ನುತ್ತೇವಲ್ಲ, ಅದೇ. ಅಮೆರಿಕದ ಇಂಡಿಯಾನ ಸಂಸ್ಥಾನದ ಇಂಡಿಯಾನಾಪೊಲಿಸ್ ನಗರದಲ್ಲಿ 1974ರಲ್ಲಿ ಜಾನ್ ಡಿಹಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ಎಂಬ ದಂಪತಿಗಳು ಈ ಬದಲಿ ಕೆಲಸವನ್ನೇ ಒಂದು ವ್ಯಾಪಾರವಾಗಿ ಆರಂಭಿಸಿದರು. ಅದೇ ರಿಸಾರ್ಟ್ ಕಾಂಡೊಮಿನಿಯಮ್ಸ್ ಇಂಟರ್‌ನ್ಯಾಷನಲ್, ಎಲ್ಲರ ಬಾಯಲ್ಲಿ ಆರ್.ಸಿ.ಐ. ಎರಡು ವರ್ಷಗಳ ತರುವಾಯ, 1976ರಲ್ಲಿ, ಫ್ಲಾರಿಡಾದ ಮಯಾಮಿಯಲ್ಲಿ ಇದಕ್ಕೆ ಪ್ರತಿಸ್ಪರ್ಧಿಯಾಗಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಎದ್ದಿತು. ಅಂದಿನಿಂದ ಇಂದಿನವರೆಗೆ ಈ ವ್ಯಾಪಾರದ ಬಹುಪಾಲು ಈ ಇಬ್ಬರ ಕೈಯಲ್ಲೇ ಇದೆ. ವರ್ಷದ ಸದಸ್ಯಶುಲ್ಕವಿಲ್ಲದೆ ಕೆಲಸ ಮಾಡುವ ಚಿಕ್ಕಪುಟ್ಟ ಸಂಸ್ಥೆಗಳೂ ಇವೆ; ಆದರೆ ಅವುಗಳ ಪಾಲು ಸಣ್ಣದು.

ಕ್ರಿಸ್ಟೆಲ್ ಡಿಹಾನ್ ಅವರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅದಕ್ಕೂ ನಮ್ಮ ನಾಡಿಗೂ ನಂಟಿದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಹೆಂಗಸು, 1989ರಲ್ಲಿ ಗಂಡನ ಪಾಲನ್ನೂ ಕೊಂಡು ಕಂಪನಿಯ ಒಡತಿಯಾದರು. 1996ರಲ್ಲಿ ಅದನ್ನು 82 ಕೋಟಿ 50 ಲಕ್ಷ ಡಾಲರಿಗೆ ಮಾರಿದರು. 1998ರಲ್ಲಿ ಕ್ರಿಸ್ಟೆಲ್ ಹೌಸ್ ಎಂಬ ಧರ್ಮಸಂಸ್ಥೆ ಕಟ್ಟಿ ಬಡಮಕ್ಕಳಿಗಾಗಿ ಹಲವು ದೇಶಗಳಲ್ಲಿ ಶಾಲೆಗಳನ್ನು ತೆರೆದರು. ಆ ಶಾಲೆಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿದೆ. 2020ರಲ್ಲಿ ಅವರು ತೀರಿಕೊಂಡರು. ಒಳ್ಳೆಯದನ್ನು ಒಳ್ಳೆಯದೆಂದು ಹೇಳಬೇಕು. ಆದರೆ ಒಡತಿಯ ದಾನಬುದ್ಧಿ ಬೇರೆ, ಸರಕಿನ ಗುಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇವರಿಬ್ಬರಲ್ಲಿ ಪಾಲುದಾರರ ಮೆಚ್ಚಿಗೆ ಯಾರ ಕಡೆಗಿದೆ?

ತಲೆ ಎಣಿಸಿದರೆ ಉತ್ತರ ಸುಲಭ. ಆರ್.ಸಿ.ಐ.ಗೆ ಸೇರಿದ ವಸತಿಗೃಹಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿ ಮೂರೂವರೆ ಸಾವಿರವನ್ನು ಮೀರಿವೆ. ಸದಸ್ಯರು ಸುಮಾರು 35 ಲಕ್ಷ. ಇಂಟರ್‌ವಲ್‌ಗೆ ಸೇರಿದವು ಮೂರು ಸಾವಿರಕ್ಕೆ ಮೇಲ್ಪಟ್ಟಿವೆ. ಸದಸ್ಯರು ಸುಮಾರು 15 ಲಕ್ಷ. ಅಂದಮೇಲೆ ಒಬ್ಬರು ಇನ್ನೊಬ್ಬರ ಎರಡು ಪಟ್ಟಿಗೂ ಮೇಲಾದರು. ಮಾರುವವನು ಇಲ್ಲಿಗೆ ಮಾತು ನಿಲ್ಲಿಸಿ ಪೆನ್ನು ಮುಂದೆ ಚಾಚುತ್ತಾನೆ.

ನಮ್ಮ ಓದುಗರಲ್ಲಿ ಒಬ್ಬರು, ವಿಜಾಪುರದ ಕಡೆಯವರು, ಮೂವತ್ತು ವರ್ಷ ಜಾಬರ್ ಆಗಿ ದುಡಿದು ನಿವೃತ್ತರಾದ ಹಿರಿಯರು, ಹೋದ ದೀಪಾವಳಿಯ ಮುಂಚೆ ಇಂಥದೇ ಒಂದು ಕರಪತ್ರ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಗ್ರ್ಯಾಚುಯಿಟಿಯ ಹಣ ಆಗತಾನೆ ಕೈಗೆ ಬಂದಿತ್ತು. ಅವರು ಕೇಳಿದರು:

“ತಮ್ಮಾ, ಇಷ್ಟು ಲಕ್ಷ ಮಂದಿ ಸೇರ್‍ಯಾರ ಅಂದ ಮ್ಯಾಲ ಅದು ಛಲೋನ ಇರಬೇಕಲ್ಲೇನೋ? ಮಂದಿ ಎಲ್ಲಾ ಹುಚ್ಚರೇನು?”

ನಾನು ಹೇಳಿದೆ: “ಕಾಕಾ, ನಮ್ಮ ಓಣಿಯೊಳಗ ಎಲ್ಲಾಕ್ಕಿಂತ ಉದ್ದನೆಯ ಸಾಲು ಎಲ್ಲಿ ಇರ್ತದ?”

“ರೇಷನ್ ಅಂಗಡಿ ಮುಂದ.”

“ಆ ಅಂಗಡಿಯವ ಛಲೋ ಮನಷ್ಯಾ ಅಂತ ನಿಂತಿರ್ತಾರೇನು ಮಂದಿ?”

ಕಾಕಾ ನಕ್ಕರು. “ಕಾರ್ಡಿನ್ಯಾಗ ಅವನ ಹೆಸರು ಬರದಾರಲ್ಲೋ, ಮತ್ತೆಲ್ಲಿ ಹೋಗೂದು?”

ಬಂಧುಗಳೆ, ಇಡೀ ವಿಷಯದ ಕೀಲಿ ಕಾಕಾ ಅವರ ಈ ಉತ್ತರದಲ್ಲಿಯೇ ಇದೆ. ಟೈಮ್‌ಷೇರ್ ಕೊಂಡವನು ವಿನಿಮಯ ಕಂಪನಿಯನ್ನು ತಾನಾಗಿ ಆರಿಸುವುದು ಬಹಳ ಅಪರೂಪ. ವಸತಿಗೃಹ ಕಟ್ಟಿದವನು ಒಂದು ಕಂಪನಿಯೊಡನೆ ಕರಾರು ಮಾಡಿಕೊಂಡಿರುತ್ತಾನೆ. ಆ ಗೃಹದ ವಾರ ಕೊಂಡವನು ಆ ಕಂಪನಿಯ ಸದಸ್ಯನಾಗುತ್ತಾನೆ. ಮೊದಲ ಒಂದೆರಡು ವರ್ಷದ ಸದಸ್ಯಶುಲ್ಕವನ್ನು ಎಷ್ಟೋ ಕಡೆ ಮಾರುವವನೇ ಬೆಲೆಯಲ್ಲಿ ಸೇರಿಸಿ ಕಟ್ಟಿಬಿಡುತ್ತಾನೆ. ಹೀಗೆ ಸದಸ್ಯರಾದವರಲ್ಲಿ ಒಂದು ಸಲವೂ ವಾರ ಬದಲಿಸದೆ ಇರುವವರಿದ್ದಾರೆ. ಅವರನ್ನೂ ಲೆಕ್ಕಕ್ಕೆ ಹಿಡಿದೇ 35 ಲಕ್ಷ, 15 ಲಕ್ಷ ಎನ್ನುವುದು.

ಇದಕ್ಕೊಂದು ದೃಷ್ಟಾಂತ ಕೊಡುತ್ತೇನೆ. ಡಿಸ್ನಿ ಕಂಪನಿಯ ರಜೆಯ ಕ್ಲಬ್ಬು ಮೊದಲು ಇಂಟರ್‌ವಲ್ ಜೊತೆಗಿತ್ತು. 2009ರಲ್ಲಿ ಅದು ಆರ್.ಸಿ.ಐ. ಕಡೆಗೆ ಹೋಯಿತು. ಸುಮಾರು ಹನ್ನೆರಡು ವರ್ಷಗಳಾದ ಮೇಲೆ ಮತ್ತೆ ಇಂಟರ್‌ವಲ್‌ಗೆ ಮರಳಿತು. ಆ ಕ್ಲಬ್ಬಿನ ಸಾವಿರಾರು ಕುಟುಂಬಗಳು ಒಂದು ಕಂಪನಿಯ ಪಟ್ಟಿಯಿಂದ ಇನ್ನೊಂದರ ಪಟ್ಟಿಗೆ ಹೋಗಿ ಬಂದವು. ಅವರ ಮೆಚ್ಚಿಗೆ ಅಷ್ಟು ಸಲ ಬದಲಾಯಿತೆ? ಇಲ್ಲ. ಯಜಮಾನರ ಕರಾರು ಬದಲಾಯಿತು, ಅಷ್ಟೆ. ರೇಷನ್ ಕಾರ್ಡಿನ ಅಂಗಡಿಯ ಹೆಸರು ತಿದ್ದಿದ ಹಾಗೆ.

ಇನ್ನೂ ಒಂದು ಸಂಗತಿ ಇದೆ. ದಲ್ಲಾಳಿ ಎಂದರೆ ಎರಡೂ ಕಡೆಗೆ ಸಮನಾಗಿ ನಿಲ್ಲುವವನು ಎಂದು ನಾವು ತಿಳಿಯುತ್ತೇವೆ. ಈಗ ಆರ್.ಸಿ.ಐ. ಇರುವುದು ಟ್ರಾವೆಲ್ ಪ್ಲಸ್ ಲೀಷರ್ ಎಂಬ ಕಂಪನಿಯ ಕೈಯಲ್ಲಿ. 2021ರವರೆಗೆ ಆ ಕಂಪನಿಯ ಹೆಸರು ವಿಂಡ್‌ಹ್ಯಾಮ್ ಡೆಸ್ಟಿನೇಷನ್ಸ್ ಎಂದಿತ್ತು. ಇಂಟರ್‌ವಲ್ 2018ರಿಂದ ಮ್ಯಾರಿಯಟ್ ವೆಕೇಷನ್ಸ್ ಕಂಪನಿಯ ಕೈಯಲ್ಲಿದೆ. ಈ ಎರಡೂ ಒಡೆಯ ಕಂಪನಿಗಳು ಸ್ವತಃ ಟೈಮ್‌ಷೇರ್ ಕಟ್ಟಿ ಮಾರುವವೇ. ಅಂದರೆ ಸಂತೆಯಲ್ಲಿ ಎತ್ತು ಮಾರುವವನೇ ದಲ್ಲಾಳಿಯ ಅಂಗಡಿಯನ್ನೂ ಇಟ್ಟಂತಾಯಿತು. ಇದು ಅಪರಾಧವಲ್ಲ. ಆದರೆ ಕೊಳ್ಳುವವನಿಗೆ ಇದು ತಿಳಿದಿರಬೇಕು.

ಹಾಗಾದರೆ ನಿಜವಾದ ಮೆಚ್ಚಿಗೆಯನ್ನು ಅಳೆಯುವುದು ಹೇಗೆ? ಕೊಂಡು ಹಲವು ವರ್ಷ ಬಳಸಿದವರು ಯಾವುದಕ್ಕೆ ಯಾವುದನ್ನು ಒಳ್ಳೆಯದೆನ್ನುತ್ತಾರೆ ಎಂದು ನೋಡಬೇಕು. ಅದಕ್ಕೆ ಬದಲಿಯ ಕೆಲಸ ನಡೆಯುವ ಬಗೆ ಗೊತ್ತಿರಬೇಕು.

ಪಾಲುದಾರ ತನ್ನ ವಾರವನ್ನು ಕಂಪನಿಯ ಭಂಡಾರಕ್ಕೆ ಜಮಾ ಮಾಡುತ್ತಾನೆ. ಬೇರೆಯವರು ಜಮಾ ಮಾಡಿದ ವಾರಗಳಲ್ಲಿ ತನಗೆ ಬೇಕಾದುದನ್ನು ಕೇಳುತ್ತಾನೆ. ಆದರೆ ಎಲ್ಲ ವಾರಗಳಿಗೂ ಒಂದೇ ಬೆಲೆ ಇಲ್ಲ. ಗಣೇಶ ಚೌತಿಯ ದಿನದ ರಾತ್ರಿ ಪಾಳಿಯನ್ನು ಸಾಧಾರಣ ಮಂಗಳವಾರದ ಹಗಲು ಪಾಳಿಗೆ ಬದಲಿಸಿಕೊಳ್ಳಲು ಯಾರಾದರೂ ಒಪ್ಪುತ್ತಾರೆಯೆ? ಹಾಗೆಯೇ ಇಲ್ಲಿ. ಊರು ಯಾವುದು, ಕಾಲ ಯಾವುದು, ಕೋಣೆ ಎಷ್ಟು ದೊಡ್ಡದು, ಗೃಹದ ದರ್ಜೆ ಯಾವುದು, ಎಷ್ಟು ತಿಂಗಳು ಮುಂಚಿತವಾಗಿ ಜಮಾ ಮಾಡಿದಿರಿ ಎಂಬ ಇವೆಲ್ಲದರ ಮೇಲೆ ನಿಮ್ಮ ವಾರಕ್ಕೆ ವಿನಿಮಯದ ಬಲ ನಿಶ್ಚಯವಾಗುತ್ತದೆ. ಕಾಲಗಳಿಗೆ ಬಣ್ಣದ ಹೆಸರುಗಳಿವೆ. ಆರ್.ಸಿ.ಐ.ನಲ್ಲಿ ಕೆಂಪು, ಬಿಳಿ, ನೀಲಿ. ಇಂಟರ್‌ವಲ್‌ನಲ್ಲಿ ಕೆಂಪು, ಹಳದಿ, ಹಸಿರು. ಕೆಂಪು ಎಂದರೆ ಎಲ್ಲರೂ ಬಯಸುವ ಕಾಲ. ವಾರ ಬದಲಾದಾಗ ಸದಸ್ಯ ಒಂದು ಶುಲ್ಕ ಕಟ್ಟಬೇಕು. ಅಮೆರಿಕದಲ್ಲಿ ಅದು 200 ಡಾಲರನ್ನು ದಾಟಿದೆ. ವರ್ಷದ ಸದಸ್ಯಶುಲ್ಕ ಇದರಿಂದ ಪ್ರತ್ಯೇಕ.

ಈ ಕೆಲಸದಲ್ಲಿ ಇಬ್ಬರ ನಡುವೆ ಎರಡು ಮುಖ್ಯ ಭೇದಗಳಿವೆ. ಆರ್.ಸಿ.ಐ.ನ ವಾರದ ಪದ್ಧತಿಯಲ್ಲಿ ಮೊದಲು ನಿಮ್ಮದನ್ನು ಜಮಾ ಮಾಡಬೇಕು, ಆಮೇಲೆ ಬೇರೆಯದನ್ನು ಪಡೆಯಬೇಕು. ಇಂಟರ್‌ವಲ್‌ನಲ್ಲಿ ಹಾಗೆ ಮಾಡುವ ದಾರಿಯೂ ಇದೆ. ಮೊದಲು ಬೇಕಾದುದನ್ನು ಕೇಳಿ, ಅದು ಸಿಕ್ಕಿದ ಮೇಲೆಯೇ ತಮ್ಮದನ್ನು ಬಿಟ್ಟುಕೊಡುವ ದಾರಿಯೂ ಇದೆ. ಎಚ್ಚರದ ಮನುಷ್ಯನಿಗೆ ಈ ಎರಡನೆಯ ದಾರಿ ಹಿಡಿಸುತ್ತದೆ. ಇನ್ನೊಂದು ಭೇದ ಚಿಲ್ಲರೆಯದು. ಆರ್.ಸಿ.ಐ. 2010ರ ಸುಮಾರಿಗೆ ಪ್ರತಿಯೊಂದು ವಾರದ ಬಲವನ್ನು ಅಂಕಿಯಲ್ಲಿ ಸದಸ್ಯನಿಗೆ ಕಾಣುವಂತೆ ಮಾಡಿತು. ನಿಮ್ಮ ವಾರದ ಬಲ 30, ಪಡೆದ ವಾರದ್ದು 20 ಆದರೆ ಉಳಿದ 10 ನಿಮ್ಮ ಲೆಕ್ಕಕ್ಕೆ ಜಮಾ. ಐನೂರರ ನೋಟು ಕೊಟ್ಟು ಮುನ್ನೂರರ ಸಾಮಾನು ಕೊಂಡರೆ ಚಿಲ್ಲರೆ ಕೊಡಬೇಕಲ್ಲವೆ, ಹಾಗೆ. ಇಂಟರ್‌ವಲ್‌ನಲ್ಲಿ ವಾರಕ್ಕೆ ವಾರ ಎಂಬ ಹಳೆಯ ಪದ್ಧತಿಯೇ ಹೆಚ್ಚಾಗಿ ಉಳಿದಿದೆ. ಒಳ್ಳೆಯ ವಾರವುಳ್ಳವನಿಗೆ ಚಿಲ್ಲರೆಯ ಪದ್ಧತಿ ಲಾಭ. ಅದೃಷ್ಟ ನೋಡೋಣ ಎನ್ನುವ ಸಾಧಾರಣ ವಾರದವನಿಗೆ ಹಳೆಯ ಪದ್ಧತಿಯಲ್ಲಿ ಒಮ್ಮೊಮ್ಮೆ ಲಾಭ.

ಗೃಹಗಳ ವಿಷಯದಲ್ಲಿಯೂ ಅಭಿಪ್ರಾಯ ಹೀಗೆಯೇ ಒಡೆಯುತ್ತದೆ. ಮ್ಯಾರಿಯಟ್, ವೆಸ್ಟಿನ್, ಶೆರಟನ್, ಹಯಾಟ್ ಮುಂತಾದ ಹೆಸರಿನ ಗೃಹಗಳು ಇಂಟರ್‌ವಲ್ ಕಡೆಗಿವೆ. ಆದ್ದರಿಂದ ಸಂಖ್ಯೆ ಕಡಿಮೆಯಾದರೂ ದರ್ಜೆ ಮೇಲು ಎಂಬ ಹೆಸರು ಅದಕ್ಕೆ ಬಂದಿದೆ. ಆದರೆ ಮ್ಯಾರಿಯಟ್ ಪಾಲುದಾರರು ಜಮಾ ಮಾಡಿದ ವಾರ ಕೆಲವು ದಿನಗಳವರೆಗೆ ಮ್ಯಾರಿಯಟ್ ಪಾಲುದಾರರಿಗೇ ಮೀಸಲು. ಹೊರಗಿನವರ ಕೈಗೆ ಬರುವುದು ಅವರು ಬೇಡವೆಂದದ್ದು. ವಿಂಡ್‌ಹ್ಯಾಮ್, ಹಿಲ್ಟನ್ ಕ್ಲಬ್ಬುಗಳು ಆರ್.ಸಿ.ಐ. ಕಡೆಗಿವೆ, ಅದರ ಜೊತೆಗೆ ಊರೂರಿನ ಸಣ್ಣ ಗೃಹಗಳೂ ಅಲ್ಲಿ ಬಹಳ. ಹಲವು ದೇಶ ನೋಡಬೇಕೆನ್ನುವವನಿಗೆ ಆರ್.ಸಿ.ಐ. ಮೆಚ್ಚು, ಒಂದೇ ದರ್ಜೆಯ ಕೋಣೆ ಬೇಕೆನ್ನುವವನಿಗೆ ಇಂಟರ್‌ವಲ್ ಮೆಚ್ಚು. ಮದುವೆಮನೆಯ ಎರಡು ಪಂಕ್ತಿಗಳಂತೆ: ಒಂದರಲ್ಲಿ ಪದಾರ್ಥ ಹೆಚ್ಚು, ಇನ್ನೊಂದರಲ್ಲಿ ತುಪ್ಪ ಹೆಚ್ಚು.

ಇಬ್ಬರ ಮೇಲೂ ಬಹುಕಾಲದಿಂದ ಇರುವ ದೂರು ಒಂದೇ. ಭಂಡಾರದಲ್ಲಿ ಬಿದ್ದ ಒಳ್ಳೆಯ ವಾರಗಳು ಸದಸ್ಯರಿಗೆ ಸಿಕ್ಕುವ ಮೊದಲೇ ಹೊರಗಿನವರಿಗೆ ಬಾಡಿಗೆಗೆ ಹೋಗುತ್ತವೆಯೆ ಎಂಬುದು. 2006ರಲ್ಲಿ ಅಮೆರಿಕದ ನ್ಯೂಜರ್ಸಿಯಲ್ಲಿ ಕೆಲವು ಸದಸ್ಯರು ಎಲ್ಲ ಸದಸ್ಯರ ಪರವಾಗಿ ಆರ್.ಸಿ.ಐ. ಮೇಲೆ ಇದೇ ಆರೋಪದ ದಾವೆ ಹೂಡಿದರು. ಕಂಪನಿ ಆರೋಪ ಒಪ್ಪಲಿಲ್ಲ. ಕೊನೆಗೆ ದಾವೆ ರಾಜಿಯಲ್ಲಿ ಮುಗಿಯಿತು. ಈ ಬಾಡಿಗೆಯ ಸಂಗತಿಯಲ್ಲಿ ನಮ್ಮಂಥವರು ಗಮನಿಸಬೇಕಾದದ್ದೊಂದಿದೆ. ಉಳಿದುಹೋದ ವಾರಗಳನ್ನು ಎರಡೂ ಕಂಪನಿಗಳು ಅಗ್ಗದ ದರಕ್ಕೆ ಬಾಡಿಗೆಗೆ ಕೊಡುತ್ತವೆ. ಕೆಲವು ಸಲ ಆ ಬಾಡಿಗೆ, ಪಾಲುದಾರನು ಆ ವರ್ಷ ಕಟ್ಟಿದ ನಿರ್ವಹಣೆಯ ಹಣಕ್ಕಿಂತಲೂ ಕಡಿಮೆ ಇರುತ್ತದೆ. ಕೊಂಡವನಿಗಿಂತ ಕೊಳ್ಳದವನೇ ಅಗ್ಗವಾಗಿ ಮಲಗಿದನೆಂದರೆ ಕೊಂಡವನ ಹೊಟ್ಟೆ ಉರಿಯದೆ ಇದ್ದೀತೆ?

ನಮ್ಮ ದೇಶದ ಮಾತಿಗೆ ಬರೋಣ. ಇಲ್ಲಿ ಟೈಮ್‌ಷೇರನ್ನು ದೊಡ್ಡದಾಗಿ ಆರಂಭಿಸಿದ್ದು 1986ರಲ್ಲಿ ಮದರಾಸಿನಲ್ಲಿ ಹುಟ್ಟಿದ ಸ್ಟರ್ಲಿಂಗ್ ಕಂಪನಿ. 1996ರಲ್ಲಿ ಮಹೀಂದ್ರ ಬಳಗದ ಕ್ಲಬ್ ಮಹೀಂದ್ರ ಬಂತು; ನಮ್ಮ ಮಡಿಕೇರಿಯಲ್ಲಿಯೂ ಅದರ ವಸತಿಗೃಹವಿದೆ. ಇಲ್ಲಿ ಮಾರಾಟವಾದದ್ದು ಬಹುಮಟ್ಟಿಗೆ ಒಂದು ನಿರ್ದಿಷ್ಟ ಕೋಣೆಯ ನಿರ್ದಿಷ್ಟ ವಾರವಲ್ಲ. ಇಷ್ಟು ವರ್ಷಗಳವರೆಗೆ, ಸಾಮಾನ್ಯವಾಗಿ 25 ವರ್ಷ, ವರ್ಷಕ್ಕೆ 7 ದಿನ ಕಂಪನಿಯ ಯಾವುದಾದರೊಂದು ಗೃಹದಲ್ಲಿ ಇಳಿಯುವ ಹಕ್ಕು. ಇಲ್ಲಿಯೂ ಕಾಲಕ್ಕೆ ಬಣ್ಣ: ನೇರಳೆ, ಕೆಂಪು, ಬಿಳಿ, ನೀಲಿ. ಶಾಲೆಯ ರಜೆ, ವರ್ಷದ ಕೊನೆಯ ರಜೆ ಬೇಕೆಂದರೆ ಮೇಲಿನ ಬಣ್ಣ ಕೊಳ್ಳಬೇಕು. ಅಗ್ಗವೆಂದು ನೀಲಿ ಕೊಂಡವನು ಮಕ್ಕಳನ್ನು ಶಾಲೆ ಬಿಡಿಸಿ ಮಳೆಗಾಲದಲ್ಲಿ ಹೋಗಬೇಕಾದೀತು.

ಹೀಗಿರುವುದರಿಂದ ನಮ್ಮ ದೇಶದ ಪಾಲುದಾರನಿಗೆ ಪರದೇಶದ ವಿನಿಮಯ ಕಂಪನಿ ದಿನನಿತ್ಯದ ವಸ್ತುವಲ್ಲ. ಮೈಸೂರಿನವನು ಮನಾಲಿಗೆ ಹೋಗಬೇಕಾದರೆ ತನ್ನ ಕ್ಲಬ್ಬಿನ ಒಳಗೇ ಬದಲಿ ಆಗುತ್ತದೆ. ಆರ್.ಸಿ.ಐ. ಬೇಕಾಗುವುದು ಆ ಬೇಲಿ ದಾಟಿ ಬೇರೆ ಗೃಹಕ್ಕೋ ಬ್ಯಾಂಕಾಕಿಗೋ ಲಂಡನ್ನಿಗೋ ಹೋಗುವಾಗ. ವಿಮಾನದ ಖರ್ಚು ಬೇರೆ, ವೀಸಾ ಬೇರೆ, ಬದಲಿಯ ಶುಲ್ಕ ಬೇರೆ. “ಜಗತ್ತಿನ ಮೂರೂವರೆ ಸಾವಿರ ಗೃಹಗಳು ನಿಮ್ಮವು” ಎಂಬ ಮಾತು ಕೇಳಲು ಇಂಪು. ಆದರೆ ವರ್ಷಕ್ಕೊಮ್ಮೆ ಊರಿನ ಜಾತ್ರೆಗೆ ಹೋಗಲು ರೈಲಿನ ಟಿಕೆಟು ಸಿಕ್ಕದೆ ಒದ್ದಾಡುವ ನಮಗೆ ಅದರಲ್ಲಿ ಎಷ್ಟು ಗೃಹಗಳ ಬಾಗಿಲು ನಿಜವಾಗಿ ತೆರೆದೀತು?

ಈಗ ಕಾಕಾ ಅವರಿಗೆ ಬರೆದು ತೋರಿಸಿದ ಲೆಕ್ಕವನ್ನು ತಮಗೂ ತೋರಿಸುತ್ತೇನೆ. ಅಂಕಿಗಳು ಯಾವ ಕಂಪನಿಯವೂ ಅಲ್ಲ. ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಬೆಲೆ 4,00,000 ರೂಪಾಯಿ. ವರ್ಷದ ನಿರ್ವಹಣೆ 15,000. ಆ ನಾಲ್ಕು ಲಕ್ಷವನ್ನು ನೂರಕ್ಕೆ 7ರ ಬಡ್ಡಿಯಲ್ಲಿ ಇಟ್ಟರೆ ವರ್ಷಕ್ಕೆ 28,000 ಬರುತ್ತದೆ. ಟೈಮ್‌ಷೇರ್ ಕೊಂಡರೆ ಆ ಬಡ್ಡಿ ಹೋಯಿತು, ಮೇಲೆ 15,000 ಕಟ್ಟಿದ್ದೂ ಸೇರಿ 43,000 ಆಯಿತು. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 6,100ಕ್ಕೂ ಮೇಲೆ. ಊಟ, ಪ್ರಯಾಣ ಇದರಲ್ಲಿ ಸೇರಿಲ್ಲ. ಒಂದು ವರ್ಷ ಹೋಗಲಾಗದಿದ್ದರೆ ದಿನಗಳು ಮುಂದಕ್ಕೆ ಬಂದಾವು, ಬಾರದೆಯೂ ಹೋದಾವು. ನಿರ್ವಹಣೆಯ ಹಣ ಮಾತ್ರ ತಪ್ಪದು, ವರ್ಷವರ್ಷಕ್ಕೆ ಅದು ಏರುವುದೂ ಉಂಟು. 25 ವರ್ಷ ಕಳೆದ ಮೇಲೆ ಟೈಮ್‌ಷೇರಿನವನ ಕೈಯಲ್ಲಿ ಏನೂ ಇರುವುದಿಲ್ಲ. ಬಡ್ಡಿಯಿಂದಲೇ ಪ್ರವಾಸ ಮಾಡಿದವನ ಅಸಲು ನಾಲ್ಕು ಲಕ್ಷ ಹಾಗೆಯೇ ಇರುತ್ತದೆ.

ಕಾಕಾ ಈ ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಆ ಸಭೆಗೆ ಹೋದರು. ಊಟ ಮಾಡಿದರು. ಕರಾರಿನ ಕಾಗದ ಮನೆಗೆ ಕೊಡಿ, ಮಗನಿಂದ ಓದಿಸಿ ನಾಳೆ ತರುತ್ತೇನೆ ಎಂದರು. ಈ ಬೆಲೆ ಇಂದಿಗಷ್ಟೇ, ಕಾಗದ ಹೊರಗೆ ಕೊಡುವಂತಿಲ್ಲ ಎಂದು ಉತ್ತರ ಬಂತು. “ಮೂವತ್ತು ವರ್ಷದ ದುಡಿಮಿ ಒಂದು ತಾಸಿನ್ಯಾಗ ಕೊಡಂದ್ರ ಹ್ಯಾಂಗ ಕೊಡ್ಲೋ ತಮ್ಮಾ?” ಎಂದು ನನಗೆ ಹೇಳಿ ನಕ್ಕರು.

ಇದರಿಂದ ಟೈಮ್‌ಷೇರ್ ಕೊಂಡವರೆಲ್ಲ ಮೋಸಹೋದವರೆಂದು ತಿಳಿಯಬಾರದು. ವರ್ಷದ ಮುಂಚೆಯೇ ರಜೆ ನಿಶ್ಚಯಿಸಬಲ್ಲವರು, ಪ್ರತಿ ವರ್ಷವೂ ಕುಟುಂಬದೊಡನೆ ಹೊರಡುವವರು, ಸಾಲ ಮಾಡದೆ ಹಣ ಕೊಟ್ಟವರು, ಕರಾರು ಓದಿ ಸಹಿ ಮಾಡಿದವರು ಸಂತೋಷವಾಗಿರುವುದೂ ಉಂಟು. ವಿನಿಮಯ ಕಂಪನಿಯಿಂದ ಒಳ್ಳೆಯ ಫಲ ಪಡೆದವರೂ ಇಂಥವರೇ: ಬೇಗ ಜಮಾ ಮಾಡಿ, ಮೂರು ನಾಲ್ಕು ಊರುಗಳ ಹೆಸರು ಕೊಟ್ಟು, ದಿನಾಂಕದಲ್ಲಿ ಹಟ ಹಿಡಿಯದವರು. ಆದರೆ ನಮ್ಮಲ್ಲಿ ರಜೆ ಎಂಬುದು ಸಾಹೇಬರ ಸಹಿಗೆ ಕಾಯುವ ವಸ್ತು. ಸಿಕ್ಕ ರಜೆಯೂ ಊರಿನ ಮದುವೆ, ಮುಂಜಿವೆ, ತಾಯಿಯ ಕಾಯಿಲೆಗೆ ಮುಗಿಯುತ್ತದೆ. ಮೆಚ್ಚಿಗೆ ಎಂಬುದು ಸರಕಿನಲ್ಲಷ್ಟೇ ಇಲ್ಲ, ಕೊಳ್ಳುವವನ ಬದುಕಿನಲ್ಲಿಯೂ ಇದೆ.

ಆದ್ದರಿಂದ ಯಾರಾದರೂ ತಮ್ಮನ್ನು ಇಂಥ ಸಭೆಗೆ ಕರೆದರೆ ನಾಲ್ಕು ಪ್ರಶ್ನೆ ಕೇಳಿರಿ. ಒಂದು, ನಾನು ಕೊಳ್ಳುವ ಬಣ್ಣದಲ್ಲಿ ನನ್ನ ಮಕ್ಕಳ ಶಾಲೆಯ ರಜೆ ಬರುತ್ತದೆಯೆ? ಎರಡು, ವಿನಿಮಯ ಕಂಪನಿಯ ಸದಸ್ಯಶುಲ್ಕ, ಬದಲಿಯ ಶುಲ್ಕ, ವರ್ಷದ ನಿರ್ವಹಣೆ ಎಷ್ಟೆಷ್ಟು, ಎಷ್ಟರವರೆಗೆ ಏರಬಹುದು, ಕಾಗದದಲ್ಲಿ ಎಲ್ಲಿ ಬರೆದಿದೆ? ಮೂರು, ನಾಳೆ ನಿಮ್ಮ ಕಂಪನಿ ಈ ವಿನಿಮಯದ ಕರಾರು ಬಿಟ್ಟರೆ ನನ್ನ ಗತಿ ಏನು? ನಾಲ್ಕು, ನನಗೆ ಬೇಡವಾದರೆ ಎಷ್ಟು ದಿನದೊಳಗೆ ಹಿಂತಿರುಗಿಸಬಹುದು, ಎಷ್ಟು ಹಣ ಮರಳಿ ಬರುತ್ತದೆ? ಬಾಯಿಮಾತಿನ ಉತ್ತರ ಬೇಡ. ಕಾಗದದ ಉತ್ತರ ಬೇಕು.

ಈ ನಾಲ್ಕನೆಯ ಪ್ರಶ್ನೆ ಮುಖ್ಯವಾದದ್ದು. ಯುರೋಪಿನ ಒಕ್ಕೂಟ 1994ರಲ್ಲಿಯೇ ಟೈಮ್‌ಷೇರ್ ಕೊಂಡವನಿಗೆ 10 ದಿನದೊಳಗೆ ಮನಸ್ಸು ಬದಲಿಸುವ ಹಕ್ಕು ಕೊಟ್ಟಿತು. 2008ರ ನಿಯಮದಲ್ಲಿ ಅದನ್ನು 14 ದಿನಕ್ಕೆ ಏರಿಸಿತು; ಆ ಅವಧಿಯಲ್ಲಿ ಮುಂಗಡ ಹಣ ತೆಗೆದುಕೊಳ್ಳುವುದಕ್ಕೂ ನಿಷೇಧವಿದೆ. ನಮ್ಮಲ್ಲಿ ಟೈಮ್‌ಷೇರಿಗೆಂದೇ ಪ್ರತ್ಯೇಕವಾದ ಕಾಯಿದೆ ಇಲ್ಲ. ಆದರೆ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. 2019ರ ಹೊಸ ಕಾಯಿದೆಯ ಪ್ರಕಾರ ತಾವು ವಾಸವಾಗಿರುವ ಅಥವಾ ಕೆಲಸಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಲಹೆ ಕೊಡುತ್ತದೆ. ಈ ಮಾತುಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿರಿ. ಇವು ಟೈಮ್‌ಷೇರಿಗಷ್ಟೇ ಅಲ್ಲ, ಕೆಟ್ಟ ಮಿಕ್ಸರಿಗೂ ಸಲ್ಲುತ್ತವೆ.

ಇನ್ನು ಮಾತು ಮುಗಿಸುತ್ತೇನೆ. ಎರಡು ಕಂಪನಿಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಆರ್.ಸಿ.ಐ.; ದರ್ಜೆಯ ಗೃಹಗಳಿಗೆ ಹೆಸರಾದದ್ದು ಯಾವುದೆಂದರೆ ಇಂಟರ್‌ವಲ್; ಜನ ಮನಸಾರೆ ಆರಿಸಿದ್ದು ಯಾವುದೆಂದರೆ, ಆರಿಸುವ ಅವಕಾಶವೇ ಹೆಚ್ಚಿನವರಿಗೆ ಇರಲಿಲ್ಲ ಎಂಬುದೇ ನಿಜವಾದ ಉತ್ತರ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸಗಾರ ಕೆಲಸವನ್ನು ಪ್ರೀತಿಸುತ್ತಾನೆಂದು ಹೇಳಲಾಗದು. ಇದು ಹಾಜರಿ ಬರೆಯುವ ನನಗೆ ಚೆನ್ನಾಗಿ ಗೊತ್ತು.

ಯಾರ ಮನೆಗಾದರೂ ಇಂಥ ಕರಾರಿನ ಕಾಗದ ಬಂದಿದ್ದರೆ ಸಹಿ ಹಾಕುವ ಮೊದಲು ಇಲ್ಲಿಗೆ ತನ್ನಿ. ಸಂಜೆ ಆರರಿಂದ ಒಂಬತ್ತರವರೆಗೆ ವಾಚನಾಲಯ ತೆರೆದಿರುತ್ತದೆ. ಇಂಗ್ಲಿಷಿನಲ್ಲಿದ್ದರೆ ಕೂತು ಕನ್ನಡದಲ್ಲಿ ಓದಿ ಹೇಳುತ್ತೇವೆ. ಲೆಕ್ಕವಿದ್ದರೆ ಕೂಡಿ ಕಳೆದು ತೋರಿಸುತ್ತೇವೆ. ಇದಕ್ಕೆ ಶುಲ್ಕವಿಲ್ಲ.